ಎಕ್ಸೆಲ್‌ನಲ್ಲಿ ಆಡ್-ಇನ್‌ಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಸಕ್ರಿಯಗೊಳಿಸಬೇಕು?

ನೀವು ಎರಡು ತೊಂದರೆಗಳನ್ನು ಹೇಳಿದ್ದೀರಿ. ಡೇಟಾ ಟ್ಯಾಬ್‌ನಲ್ಲಿ ‘ಡೇಟಾ ಅನಾಲಿಸಿಸ್’ ಬಟನ್ ಕಾಣುತ್ತಿಲ್ಲ ಎಂಬುದು ಒಂದು. ಅಂತರ್ಜಾಲದಿಂದ ಇಳಿಸಿಕೊಂಡ ಆಡ್-ಇನ್ (ಎಕ್ಸೆಲ್‌ಗೆ ಹೊಸ ಸೌಲಭ್ಯ ಸೇರಿಸುವ ಪೂರಕ ತಂತ್ರಾಂಶ) ಕಡತವನ್ನು ಸೇರಿಸಿದ ಮೇಲೂ ಅದರ ಟ್ಯಾಬ್ ಬರುತ್ತಿಲ್ಲ ಎಂಬುದು ಇನ್ನೊಂದು. ಇವೆರಡರ ಕಾರಣಗಳು ಬೇರೆಯಾದರೂ ಮೊದಲು ತಿಳಿಯಬೇಕಾದ ಸಂಗತಿ ಒಂದೇ: ಎಕ್ಸೆಲ್‌ನಲ್ಲಿ ಆಡ್-ಇನ್ ಎಂಬ ಹೆಸರಿನಡಿ ಮೂರು ಬಗೆಯ ತಂತ್ರಾಂಶಗಳಿವೆ, ಪ್ರತಿ ಬಗೆಗೂ ಅದರದೇ ಪಟ್ಟಿಯಿದೆ. ಒಂದು ಬಗೆಯ ಆಡ್-ಇನ್ ಇನ್ನೊಂದರ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆದ್ದರಿಂದ ಮೊದಲು ‘ಫೈಲ್’ ಒತ್ತಿ, ‘ಆಪ್ಷನ್ಸ್’ ತೆರೆದು, ಎಡಬದಿಯಲ್ಲಿರುವ ‘ಆಡ್-ಇನ್ಸ್’ ಪುಟಕ್ಕೆ ಹೋಗಿ. ಅಲ್ಲಿ ಕಾಣುವ ಉದ್ದನೆಯ ಪಟ್ಟಿಯಲ್ಲಿ ಪ್ರತಿ ಆಡ್-ಇನ್‌ನ ಹೆಸರು, ಅದರ ಕಡತ ಇರುವ ಜಾಗ, ಅದರ ಬಗೆ ಇವು ಕಾಣುತ್ತವೆ. ಸಕ್ರಿಯವಾಗಿರುವವು, ನಿಷ್ಕ್ರಿಯವಾಗಿರುವವು, ಎಕ್ಸೆಲ್ ತಾನೇ ತಡೆದಿಟ್ಟವು ಎಂದು ಅವುಗಳನ್ನು ವಿಂಗಡಿಸಿಯೂ ಇರುತ್ತದೆ. ಅನೇಕರು ಈ ಪಟ್ಟಿಯಲ್ಲೇ ಹೆಸರಿನ ಮೇಲೆ ಒತ್ತಿ ‘ಓಕೆ’ ಕೊಟ್ಟು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಈ ಪಟ್ಟಿ ಮಾಹಿತಿಗಾಗಿ ಮಾತ್ರ. ಇಲ್ಲಿ ಒತ್ತಿದರೆ ಏನೂ ಬದಲಾಗುವುದಿಲ್ಲ. ಬದಲಾವಣೆ ಮಾಡುವ ಜಾಗ ಪುಟದ ಕೆಳತುದಿಯಲ್ಲಿರುವ ‘ಮ್ಯಾನೇಜ್’ ಎಂಬ ಆಯ್ಕೆಪೆಟ್ಟಿಗೆ. ಮೇಲಿನ ಪಟ್ಟಿಯ ‘ಟೈಪ್’ ಕಾಲಮ್‌ನಲ್ಲಿ ಯಾವ ಬಗೆ ಎಂದಿದೆಯೋ ಅದನ್ನೇ ಕೆಳಗೆ ಆರಿಸಿ ‘ಗೋ’ ಒತ್ತಬೇಕು.

ನಿಮ್ಮ ಮೊದಲ ತೊಂದರೆಗೆ ಇಷ್ಟೇ ಸಾಕು. ಡೇಟಾ ಅನಾಲಿಸಿಸ್ ಬಟನ್ ಬರುವುದು ‘ಅನಾಲಿಸಿಸ್ ಟೂಲ್‌ಪ್ಯಾಕ್’ ಎಂಬ ಆಡ್-ಇನ್‌ನಿಂದ. ಅದು ಎಕ್ಸೆಲ್ ಜೊತೆಯಲ್ಲೇ ಬಂದಿರುತ್ತದೆ, ಆದರೆ ಸಕ್ರಿಯವಾಗಿರುವುದಿಲ್ಲ. ‘ಎಕ್ಸೆಲ್ ಆಡ್-ಇನ್ಸ್’ ಆರಿಸಿ ‘ಗೋ’ ಒತ್ತಿದಾಗ ತೆರೆಯುವ ಚಿಕ್ಕ ಕಿಟಕಿಯಲ್ಲಿ ಅದರ ಹೆಸರಿನ ಎಡಕ್ಕಿರುವ ಚೌಕದಲ್ಲಿ ಟಿಕ್ ಗುರುತು ಹಾಕಿ ‘ಓಕೆ’ ಕೊಡಿ. ಹೆಸರನ್ನು ಆರಿಸಿದರಷ್ಟೇ ಸಾಲದು. ಅದೇ ಹೆಸರಿನ ಮುಂದೆ ವಿಬಿಎ ಎಂದು ಸೇರಿಸಿದ ಇನ್ನೊಂದು ಸಾಲು ಮ್ಯಾಕ್ರೋ (ಎಕ್ಸೆಲ್‌ನಲ್ಲಿ ಕೆಲಸಗಳನ್ನು ತಾನಾಗಿ ನಡೆಸುವ ಪುಟ್ಟ ಪ್ರೋಗ್ರಾಮ್) ಬರೆಯುವವರಿಗೆ ಬೇಕಾದದ್ದು, ನಿಮಗೆ ಅಗತ್ಯವಿಲ್ಲ. ಲೆಕ್ಕಕ್ಕೆ ಅತ್ಯುತ್ತಮ ಉತ್ತರ ಹುಡುಕಿಕೊಡುವ ಸಾಲ್ವರ್ ಬೇಕಿದ್ದರೆ ಅದೂ ಇದೇ ಕಿಟಕಿಯಲ್ಲಿದೆ. ವಿಂಡೋಸ್‌ನಲ್ಲಿ ಆಲ್ಟ್, ಟಿ, ಐ ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೆ ನೇರವಾಗಿ ಈ ಕಿಟಕಿಯೇ ತೆರೆಯುತ್ತದೆ. ಮ್ಯಾಕ್‌ನಲ್ಲಿ ‘ಟೂಲ್ಸ್’ ಮೆನುವಿನಲ್ಲಿ ‘ಎಕ್ಸೆಲ್ ಆಡ್-ಇನ್ಸ್’ ಎಂದಿರುತ್ತದೆ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ಮಾತ್ರ ಟೂಲ್‌ಪ್ಯಾಕ್ ಇಲ್ಲವೇ ಇಲ್ಲ, ಆದ್ದರಿಂದ ಅಲ್ಲಿ ಹುಡುಕಿ ಸಮಯ ಕಳೆಯಬೇಡಿ.

ಎರಡನೆಯ ತೊಂದರೆ ಹೆಚ್ಚು ಗಮನ ಬೇಡುತ್ತದೆ. ಅಂತರ್ಜಾಲದಿಂದ ಬಂದ ಕಡತಗಳಿಗೆ ವಿಂಡೋಸ್ ಒಂದು ಅಡಗಿದ ಗುರುತನ್ನು ಅಂಟಿಸುತ್ತದೆ. ಆ ಗುರುತಿರುವ ಆಡ್-ಇನ್‌ಗೆ ಪಟ್ಟಿಯಲ್ಲಿ ಟಿಕ್ ಹಾಕಲು ಎಕ್ಸೆಲ್ ಬಿಡುತ್ತದೆ, ಆದರೆ ಅದರೊಳಗಿನ ಮ್ಯಾಕ್ರೋಗಳನ್ನು ನಡೆಸುವುದಿಲ್ಲ. ಎಷ್ಟೋ ಬಾರಿ ಯಾವ ಎಚ್ಚರಿಕೆಯನ್ನೂ ತೋರಿಸುವುದಿಲ್ಲ. ನೀವು ವಿವರಿಸಿರುವ ಲಕ್ಷಣಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಎಕ್ಸೆಲ್ ಅನ್ನು ಪೂರ್ತಿ ಮುಚ್ಚಿ, ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ತೆರೆದು, ‘ಜನರಲ್’ ಪುಟದ ಕೆಳಭಾಗದಲ್ಲಿ ‘ಅನ್‌ಬ್ಲಾಕ್’ ಎಂಬ ಚೌಕವಿದ್ದರೆ ಟಿಕ್ ಹಾಕಿ ‘ಓಕೆ’ ಕೊಡಿ. ಕಡತವು ಜಿಪ್ ರೂಪದಲ್ಲಿ ಬಂದಿದ್ದರೆ, ಬಿಚ್ಚುವ ಮೊದಲೇ ಜಿಪ್‌ಗೆ ಈ ಕೆಲಸ ಮಾಡುವುದು ಒಳ್ಳೆಯದು. ಆದರೆ ದಯವಿಟ್ಟು ಇದನ್ನು ಯಾಂತ್ರಿಕವಾಗಿ ಮಾಡಬೇಡಿ. ಆಡ್-ಇನ್ ಒಳಗಿನ ಮ್ಯಾಕ್ರೋಗೆ ನಿಮ್ಮ ಖಾತೆಗಿರುವ ಅಧಿಕಾರವೆಲ್ಲ ಸಿಗುತ್ತದೆ. ಅದು ನಿಮ್ಮ ಕಡತಗಳನ್ನು ಓದಬಲ್ಲದು, ಅಳಿಸಬಲ್ಲದು. ತಯಾರಿಸಿದವರು ಯಾರೆಂದು ತಿಳಿಯದಿದ್ದರೆ ಆ ತಡೆಯನ್ನು ಹಾಗೆಯೇ ಬಿಡುವುದೇ ಸರಿ ಎಂದು ನಾನು ದೃಢವಾಗಿ ಹೇಳುತ್ತೇನೆ.

ಇನ್ನೊಂದು ಮಾತು: ಆಡ್-ಇನ್ ಅನ್ನು ‘ಬ್ರೌಸ್’ ಮೂಲಕ ಸೇರಿಸಿದಾಗ ಎಕ್ಸೆಲ್ ಸಾಮಾನ್ಯವಾಗಿ ನೆನಪಿಡುವುದು ಕಡತವಿರುವ ದಾರಿಯನ್ನು. ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೇ ಸೇರಿಸಿ, ಮುಂದೆಂದೋ ಆ ಫೋಲ್ಡರ್ ಖಾಲಿ ಮಾಡಿದರೆ, ಮರುದಿನ ಎಕ್ಸೆಲ್ ತೆರೆದಾಗ ಕಡತ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ‘ಬ್ರೌಸ್’ ಒತ್ತಿದಾಗ ತಾನಾಗಿ ತೆರೆಯುವ ‘ಆಡ್‌ಇನ್ಸ್’ ಫೋಲ್ಡರ್‌ಗೇ ಕಡತವನ್ನು ಮೊದಲು ನಕಲಿಸಿ, ಅಲ್ಲಿಂದ ಸೇರಿಸಿದರೆ ಈ ತೊಂದರೆ ಬಾರದು.

ಕಡತದ ಬದಲು ಸೆಟಪ್ ಮೂಲಕ ಅನುಸ್ಥಾಪಿಸಿದ ಆಡ್-ಇನ್ ಆಗಿದ್ದರೆ ಅದು ಬಹುಶಃ ಎರಡನೆಯ ಬಗೆಯದು, ‘ಕಾಮ್ ಆಡ್-ಇನ್ಸ್’ ಪಟ್ಟಿಯಲ್ಲಿರುತ್ತದೆ. ದೊಡ್ಡ ದತ್ತಾಂಶಗಳನ್ನು ವಿಶ್ಲೇಷಿಸುವ ಪವರ್ ಪಿವಟ್ ಕೂಡ ಇದೇ ಬಗೆಯದು. ಇಂಥದ್ದು ಒಮ್ಮೆ ಎಕ್ಸೆಲ್ ಕುಸಿಯಲು ಕಾರಣವಾದರೆ, ಎಕ್ಸೆಲ್ ಅದನ್ನು ತಡೆದು ‘ಡಿಸೇಬಲ್ಡ್ ಐಟಮ್ಸ್’ ಪಟ್ಟಿಗೆ ಹಾಕಬಹುದು. ‘ಮ್ಯಾನೇಜ್’ ಪೆಟ್ಟಿಗೆಯಲ್ಲಿ ಅದನ್ನೇ ಆರಿಸಿ, ಒಳಗೆ ಹೆಸರಿದ್ದರೆ ‘ಎನೇಬಲ್’ ಕೊಟ್ಟು, ಎಕ್ಸೆಲ್ ಮತ್ತೆ ತೆರೆಯಿರಿ. 64 ಬಿಟ್ ಎಕ್ಸೆಲ್‌ನಲ್ಲಿ 32 ಬಿಟ್‌ಗೆಂದು ಮಾಡಿದ ಆಡ್-ಇನ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ನಿಮ್ಮದು ಯಾವುದೆಂದು ‘ಫೈಲ್’, ‘ಅಕೌಂಟ್’, ‘ಅಬೌಟ್ ಎಕ್ಸೆಲ್’ ಎಂಬಲ್ಲಿ ನೋಡಬಹುದು.

ಮೂರನೆಯ ಬಗೆ ಮೈಕ್ರೋಸಾಫ್ಟ್‌ನ ಆಡ್-ಇನ್ ಅಂಗಡಿಯಿಂದ ಬರುವಂಥದ್ದು. ಅದಕ್ಕೆ ಮೇಲಿನ ಯಾವ ಹಾದಿಯೂ ಬೇಕಿಲ್ಲ. ಹೊಸ ಆವೃತ್ತಿಗಳಲ್ಲಿ ಹೋಮ್ ಟ್ಯಾಬ್‌ನಲ್ಲೂ, ಸ್ವಲ್ಪ ಹಳೆಯವುಗಳಲ್ಲಿ ಇನ್ಸರ್ಟ್ ಟ್ಯಾಬ್‌ನಲ್ಲೂ ಅದರ ಬಟನ್ ಇರುತ್ತದೆ. ಕಚೇರಿಯ ಖಾತೆಯಾಗಿದ್ದರೆ ನಿರ್ವಾಹಕರು ಅದನ್ನು ಮುಚ್ಚಿರಬಹುದು, ಆಗ ಅವರನ್ನೇ ಕೇಳಬೇಕು.

ಟೂಲ್‌ಪ್ಯಾಕ್ ಸಿಕ್ಕಿದ ಮೇಲೆ ಒಂದು ಎಚ್ಚರಿಕೆ: ರಿಗ್ರೆಶನ್, ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್ ಮುಂತಾದವು ಹಾಳೆಯಲ್ಲಿ ಬರೆಯುವುದು ಬರೀ ಅಂಕಿಗಳನ್ನು, ಸೂತ್ರಗಳನ್ನಲ್ಲ. ಮೂಲ ದತ್ತಾಂಶ ತಿದ್ದಿದರೆ ಫಲಿತಾಂಶ ತಾನಾಗಿ ಬದಲಾಗದು, ಮತ್ತೆ ನಡೆಸಬೇಕು. ನೀವು ಇಳಿಸಿಕೊಂಡ ಆಡ್-ಇನ್ ತನ್ನದೇ ಫಂಕ್ಷನ್‌ಗಳನ್ನು ಕೊಡುವಂಥದ್ದಾಗಿದ್ದರೆ ಪರಿಸ್ಥಿತಿ ಬೇರೆ: ಅದಿಲ್ಲದ ಕಂಪ್ಯೂಟರ್‌ನಲ್ಲಿ ಮರುಲೆಕ್ಕ ನಡೆದೊಡನೆ ಆ ಕೋಶಗಳಲ್ಲಿ ‘ನೇಮ್’ (#NAME?) ದೋಷ ಕಾಣಿಸುತ್ತದೆ. ಹಾಗಾಗಿ ಹಾಳೆಯನ್ನು ಬೇರೆಯವರಿಗೆ ಕಳುಹಿಸುವ ಮುನ್ನ ಒಂದು ಪ್ರತಿ ಮಾಡಿ, ಆ ಕೋಶಗಳನ್ನು ‘ಪೇಸ್ಟ್ ವ್ಯಾಲ್ಯೂಸ್’ ಮೂಲಕ ಅಂಕಿಗಳಾಗಿಸಿ, ಆ ಪ್ರತಿಯನ್ನು ಕಳುಹಿಸಿ.