ಗೌಡ್ರೇ, ಡಿಸ್ಕ್ ಕ್ಲೀನಪ್ ಸದ್ಯಕ್ಕೆ ಮುಟ್ಟಬೇಡಿ (ಥಂಡರ್‌ಬರ್ಡ್ ಮಾಯವಾದ ವಿಷಯ)

ಸಕಲೇಶಪುರದ ಗೌಡ್ರೇ, ನೀವು ಬರೆದಿದ್ದನ್ನ ಪೂರ್ತಿ ಓದಿದೆ. ಸಿಸ್ಟಮ್ ನಿಧಾನ ಅಂತ ಅಂಗಡಿಗೆ ಕೊಟ್ಟಿರಿ. ಅವರು "ಫೈಲ್ ಎಲ್ಲ ಹಾಗೇ ಇದೆ ಸಾರ್" ಅಂತ ರೀಸೆಟ್ ಹೊಡೆದು (ಅಂದರೆ ವಿಂಡೋಸನ್ನ ಹೊಸದಾಗಿ ಕೂರಿಸಿ) ವಾಪಸ್ ಕೊಟ್ಟರು. ಮನೇಲಿ ನೋಡಿದರೆ ನೀವು ಮೇಲ್ ನೋಡೋ ಪ್ರೋಗ್ರಾಮ್ ಥಂಡರ್‌ಬರ್ಡ್ ಇಲ್ಲ. ನೀವೇ ಹೊಸದು ಹಾಕಿ ಅಕೌಂಟ್ ಸೇರಿಸಿದಿರಿ, ಈಚಿನ ನಾಲ್ಕು ಮೇಲ್ ಬಿಟ್ಟರೆ ಎಲ್ಲ ಖಾಲಿ. ಸಿ ಡ್ರೈವ್ ಬೇರೆ ತುಂಬಿ ಕೆಂಪಾಗಿದೆ, ಕ್ಲೀನಪ್ ಮಾಡಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡಲಾ ಅಂತ ಕೇಳಿದೀರಿ. ಕೆಳಗೆ ಇಬ್ಬರು "ಹೂಂ, ಮಾಡಿ" ಅಂತ ಬೇರೆ ಹೇಳಿದಾರೆ.

ಮಾಡಬೇಡಿ. ಈ ಗುಂಪಲ್ಲಿ ಪ್ರತಿ ಸಲ ಇದೇ ಆಗ್ತಿದೆ. ಪ್ರೋಗ್ರಾಮ್ ಹೋದ ತಕ್ಷಣ ಮೇಲ್ ಹೋಗಿರಲ್ಲ. ಮೇಲ್ ನಿಜವಾಗಿ ಹೋಗೋದು ಆಮೇಲೆ ನಾವು ಮಾಡೋ ಕ್ಲೀನಪ್‌ನಿಂದ.

ನಿಮ್ಮ ಸಿ ಡ್ರೈವ್ ಕೆಂಪಾಗಿರೋದು ಒಳ್ಳೆ ಲಕ್ಷಣ. "ಕೀಪ್ ಮೈ ಫೈಲ್ಸ್" ಅಂತ ರೀಸೆಟ್ ಮಾಡಿದಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಉಳಿಯುತ್ತೆ, ಆದರೆ ಯೂಸರ್ ಫೋಲ್ಡರ್ ಒಳಗಿನ ಆಪ್‌ಡೇಟಾ ಉಳಿಯಲ್ಲ. ಥಂಡರ್‌ಬರ್ಡ್ ಮೇಲ್ ಇಡೋದು ಅಲ್ಲೇ. ಆ ಹಳೇ ಆಪ್‌ಡೇಟಾ ಸಿ ಡ್ರೈವ್‌ನ "ವಿಂಡೋಸ್.ಓಲ್ಡ್" ಫೋಲ್ಡರಿಗೆ ಹೋಗಿ ಕೂತಿರುತ್ತೆ, ಜಾಗ ತಿಂತಿರೋದೂ ಅದೇ ಇರಬೇಕು. ಡಿಸ್ಕ್ ಕ್ಲೀನಪ್‌ನಲ್ಲಿ "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ಸ್" ಅಂತ ಒಂದು ಟಿಕ್ ಇದೆಯಲ್ಲ, ಅದನ್ನ ಒತ್ತಿದರೆ ಅಳಿಯೋದು ಈ ಫೋಲ್ಡರ್. ಸೆಟ್ಟಿಂಗ್ಸ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಒಳಗೂ ಅದೇ ಟಿಕ್ ಇರುತ್ತೆ, ಹುಷಾರು. ನೀವು ಸುಮ್ಮನೆ ಕೂತರೂ ವಿಂಡೋಸ್ ಸುಮ್ಮನಿರಲ್ಲ. ಅಪ್‌ಗ್ರೇಡ್ ಆದ 10 ದಿನಕ್ಕೆ ಈ ಫೋಲ್ಡರನ್ನ ತಾನೇ ಅಳಿಸುತ್ತೆ. ರೀಸೆಟ್‌ಗೂ ಅದೇ ಗಡುವು ಅಂತ ಇಟ್ಟುಕೊಂಡು ಇವತ್ತೇ ಕೆಲಸ ಮುಗಿಸಿ, ಕಾಫಿ ಕುಯ್ಲು ಮುಗೀಲಿ ಅಂತ ಕಾಯಬೇಡಿ.

ಅಂಗಡಿಯವರು ಮಾಡಿದ್ದು ರೀಸೆಟ್ಟೋ ಪೂರ್ತಿ ಫಾರ್ಮ್ಯಾಟ್ಟೋ ಅಂತ ತಿಳೀಬೇಕಾ? ಡೆಸ್ಕ್‌ಟಾಪ್ ಮೇಲೆ "ರಿಮೂವ್ಡ್ ಆಪ್ಸ್" ಅನ್ನೋ ಫೈಲ್ ಇದ್ದರೆ ರೀಸೆಟ್. ಅದನ್ನ ತೆರೆದರೆ ಯಾವ ಯಾವ ಪ್ರೋಗ್ರಾಮ್ ತೆಗೆದಿದಾರೆ ಅನ್ನೋ ಪಟ್ಟಿನೂ ಸಿಗುತ್ತೆ.

ಈಗ ಕೆಲಸ. ಫೋಲ್ಡರ್ ಹೆಸರುಗಳನ್ನ ಇಲ್ಲಿ ಕನ್ನಡದಲ್ಲಿ ಬರೀತಿದೀನಿ, ನೀವು ಇಂಗ್ಲಿಷಲ್ಲಿ ಹುಡುಕಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಆನ್ ಮಾಡಿ, ಇಲ್ಲದಿದ್ದರೆ ಆಪ್‌ಡೇಟಾ ಕಣ್ಣಿಗೇ ಬೀಳಲ್ಲ. ಸಿ ಡ್ರೈವ್, ವಿಂಡೋಸ್.ಓಲ್ಡ್, ಯೂಸರ್ಸ್, ನಿಮ್ಮ ಹಳೇ ಯೂಸರ್ ಹೆಸರು, ಆಪ್‌ಡೇಟಾ, ರೋಮಿಂಗ್, ಥಂಡರ್‌ಬರ್ಡ್, ಪ್ರೊಫೈಲ್ಸ್. "ಪರ್ಮಿಷನ್ ಇಲ್ಲ" ಅಂದರೆ ಕಂಟಿನ್ಯೂ ಒತ್ತಿ. ರೋಮಿಂಗ್ ಪಕ್ಕದ "ಲೋಕಲ್" ಒಳಗೂ ಒಂದು ಥಂಡರ್‌ಬರ್ಡ್ ಫೋಲ್ಡರ್ ಇರುತ್ತೆ, ಜನ ಅದನ್ನ ಕಾಪಿ ಮಾಡಿ ಖುಷಿಯಾಗಿ ಮಲಗ್ತಾರೆ. ಅದರಲ್ಲಿರೋದು ಬರೀ ತಾತ್ಕಾಲಿಕ ಕಸ. ಬೇಕಾಗಿರೋದು ರೋಮಿಂಗ್ ಒಳಗಿನದು.

ಪ್ರೊಫೈಲ್ಸ್ ಒಳಗೆ ಅರ್ಥವಿಲ್ಲದ ಎಂಟು ಅಕ್ಷರ, ಒಂದು ಚುಕ್ಕಿ, ಆಮೇಲೆ "ಡಿಫಾಲ್ಟ್-ರಿಲೀಸ್" ಅಂತ ಒಂದು ಫೋಲ್ಡರ್ ಇರುತ್ತೆ. ಮೇಲ್, ಅಕೌಂಟ್, ಸೆಟ್ಟಿಂಗ್ ಎಲ್ಲ ಇರೋ ಈ ಫೋಲ್ಡರಿಗೇ ಪ್ರೊಫೈಲ್ ಅನ್ನೋದು. ಪಕ್ಕದಲ್ಲೇ ಬರೀ "ಡಿಫಾಲ್ಟ್" ಅಂತ ಇನ್ನೊಂದು ಇರಬಹುದು, ಸಾಮಾನ್ಯವಾಗಿ ಅದು ಖಾಲಿ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿ. ಒಳಗೆ "ಮೇಲ್" ಮತ್ತು "ಐಮ್ಯಾಪ್‌ಮೇಲ್" ಅಂತ ಎರಡು ಫೋಲ್ಡರ್. ನಿಮ್ಮದು ಪಾಪ್ ಅಕೌಂಟ್ (ಮೇಲನ್ನ ಸರ್ವರ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳೋದು) ಆಗಿದ್ದರೆ ಆಸ್ತಿ ಎಲ್ಲ "ಮೇಲ್" ಒಳಗೆ. ಅಲ್ಲಿ ಎಕ್ಸ್‌ಟೆನ್ಷನ್ ಇಲ್ಲದ "ಇನ್‌ಬಾಕ್ಸ್" ಅನ್ನೋ ಒಂದೇ ಫೈಲ್, ಇಷ್ಟು ವರ್ಷದ ಕಾಫಿ ಕ್ಯೂರಿಂಗ್ ವರ್ಕ್ಸ್ ಔಟ್‌ಟರ್ನ್ ರಿಪೋರ್ಟು, ಆಡಿಟರ್ ಕಳಿಸಿದ ಜಿಎಸ್‌ಟಿ ಕಾಗದ ಎಲ್ಲ ಅದರಲ್ಲೇ. ಪಕ್ಕದ ".ಎಂಎಸ್‌ಎಫ್" ಫೈಲ್ ಬರೀ ಇಂಡೆಕ್ಸ್, ಹೋದರೂ ಚಿಂತೆ ಇಲ್ಲ.

ಆ ಡಿಫಾಲ್ಟ್-ರಿಲೀಸ್ ಫೋಲ್ಡರನ್ನ ಪೂರ್ತಿ ಕಾಪಿ ಮಾಡಿ. ಕಾಪಿ ಅಂದೆ, ಕಟ್ ಅಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಲೈನ್‌ಮನ್‌ಗೂ ಗೊತ್ತಿರಲ್ಲ. ಕಟ್ ಮಾಡಿ ಅರ್ಧದಲ್ಲಿ ನಿಂತರೆ ಅರ್ಧ ಇಲ್ಲಿ ಅರ್ಧ ಅಲ್ಲಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದವರು ಗುಡುಗೋ ಸಂಜೆ ಈ ಕೆಲಸಕ್ಕೆ ಕೂರಲೇಬೇಡಿ.

ಪೆನ್‌ಡ್ರೈವ್‌ಗೆ ಹಾಕ್ತೀರಾದರೆ ಮೊದಲು ಅದರ ಪ್ರಾಪರ್ಟೀಸ್ ನೋಡಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರಲ್ಲ. ನಿಮ್ಮ ಇನ್‌ಬಾಕ್ಸ್ ಅದಕ್ಕಿಂತ ದೊಡ್ಡದಿದ್ದರೆ ಅದೊಂದನ್ನ ಮಾತ್ರ "ಸ್ಕಿಪ್" ಮಾಡಲಾ ಅಂತ ಕೇಳುತ್ತೆ, ಅವಸರದಲ್ಲಿ ಸ್ಕಿಪ್ ಒತ್ತಿಬಿಡ್ತೀರಿ. ಉಳಿದ ಚಿಲ್ಲರೆ ಫೈಲ್ ಎಲ್ಲ ಬಂದಿರುತ್ತೆ, ಬೇಕಾದ್ದು ಮಾತ್ರ ಬಂದಿರಲ್ಲ, ಅದು ಗೊತ್ತಾಗೋದು ವಿಂಡೋಸ್.ಓಲ್ಡ್ ಅಳಿದ ಮೇಲೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ (ಪೆನ್‌ಡ್ರೈವನ್ನ, ಕಂಪ್ಯೂಟರನ್ನಲ್ಲ). ಕಾಪಿ ಆದ ಮೇಲೆ ಎರಡೂ ಕಡೆ ಸೈಜ್ ತಾಳೆ ನೋಡಿ. ನನ್ನ ಮಾತು ಕೇಳಿದರೆ ಇನ್ನೊಂದು ಕಾಪಿ ಡಿ ಡ್ರೈವ್‌ನಲ್ಲೂ ಒಂದು ಫೋಲ್ಡರ್ ಮಾಡಿ ಹಾಕಿ. ಥಂಡರ್‌ಬರ್ಡನ್ನ ಆ ಕಾಪಿಯಿಂದಲೇ ಓಡಿಸೋಣ. ಮುಂದೆ ಯಾರಾದರೂ ಸಿ ಡ್ರೈವ್ ರೀಸೆಟ್ ಹೊಡೆದರೂ ಮೇಲ್‌ಗೆ ಏನೂ ಆಗಲ್ಲ. ಒನ್‌ಡ್ರೈವ್, ಗೂಗಲ್ ಡ್ರೈವ್ ಫೋಲ್ಡರ್ ಒಳಗೆ ಇಡಲೇಬೇಡಿ, ಸಿಂಕ್ ಆಗೋವಾಗ ಫೈಲ್ ಕೆಡಬಹುದು.

ಈಗ ನೀವು ಹೊಸದಾಗಿ ಹಾಕಿರೋ ಥಂಡರ್‌ಬರ್ಡ್ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಓಡ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, "ಥಂಡರ್‌ಬರ್ಡ್.ಇಎಕ್ಸ್‌ಇ", ಒಂದು ಸ್ಪೇಸ್, ಅಡ್ಡಗೆರೆ, ದೊಡ್ಡ "ಪಿ" ಅಂತ ಕೊಡಿ. ಪ್ರೊಫೈಲ್ ಮ್ಯಾನೇಜರ್ ಬರುತ್ತೆ. ಕ್ರಿಯೇಟ್ ಪ್ರೊಫೈಲ್, ನೆಕ್ಸ್ಟ್, ಏನಾದರೂ ಹೆಸರು, ಆಮೇಲೆ ಚೂಸ್ ಫೋಲ್ಡರ್ ಒತ್ತಿ ಡಿ ಡ್ರೈವ್‌ನ ಆ ಡಿಫಾಲ್ಟ್-ರಿಲೀಸ್ ಫೋಲ್ಡರನ್ನೇ ತೋರಿಸಿ, ಫಿನಿಷ್. ಅದನ್ನ ಆರಿಸಿ ಸ್ಟಾರ್ಟ್ ಮಾಡಿ. ಅಕೌಂಟು, ಫೋಲ್ಡರು, ಅಡ್ರೆಸ್ ಬುಕ್ಕು, ಸೇವ್ ಆಗಿದ್ದ ಪಾಸ್‌ವರ್ಡೂ ಬರುತ್ತೆ. ಅಕೌಂಟ್ ಮತ್ತೆ ಸೇರಿಸೋ ಕೆಲಸವೇ ಇಲ್ಲ. ಸರ್ವರ್‌ನಲ್ಲಿ ಇನ್ನೂ ಉಳಿದಿರೋ ಈಚಿನ ಮೇಲ್‌ಗಳನ್ನೂ ಹಳೇ ಪ್ರೊಫೈಲ್ ತಾನೇ ಎಳೆದುಕೊಳ್ಳುತ್ತೆ, ಆದ್ದರಿಂದ ಅಲ್ಲಿವರೆಗೂ ಹೊಸದರಲ್ಲಿ ಯಾವ ಮೇಲನ್ನೂ ಡಿಲೀಟ್ ಮಾಡಬೇಡಿ.

ಖಾಲಿ ಇರೋ ಹೊಸ ಪ್ರೊಫೈಲನ್ನ ಅದೇ ಜಾಗದಲ್ಲಿ ಅಳಿಸಬಹುದು, ಆದರೆ ಅಳಿಸೋವಾಗ "ಡಿಲೀಟ್ ಫೈಲ್ಸ್", "ಡೋಂಟ್ ಡಿಲೀಟ್ ಫೈಲ್ಸ್" ಅಂತ ಎರಡು ಬಟನ್ ಬರುತ್ತೆ. ತಪ್ಪು ಪ್ರೊಫೈಲ್ ಮೇಲೆ ಮೊದಲನೆಯದು ಒತ್ತಿದರೆ ಇಷ್ಟೊತ್ತು ಮಾಡಿದ್ದೆಲ್ಲ ನೀರುಪಾಲು. ಒಂದು ತಿಂಗಳು ಅದು ಅಲ್ಲೇ ಬಿದ್ದಿರಲಿ, ಅನ್ನ ಕೇಳಲ್ಲ.

ಹಳೇ ಪ್ರೊಫೈಲಿನ ಫೈಲುಗಳನ್ನ ಹೊಸದರ ಮೇಲೆ ಪೇಸ್ಟ್ ಮಾಡಿ "ರೀಪ್ಲೇಸ್ ಆಲ್" ಕೊಡೋ ಐಡಿಯಾ ಕೆಳಗೆ ಯಾರೋ ಕೊಟ್ಟಿದಾರೆ. ಬೇಡ. ಎರಡರ ಸೆಟ್ಟಿಂಗೂ ಕಲಸಿ ಎರಡೂ ಕೆಲಸಕ್ಕೆ ಬರಲ್ಲ.

"ನೀವು ಹಳೇ ವರ್ಷನ್ ಓಡಿಸ್ತಿದೀರಿ, ಹೊಸ ಪ್ರೊಫೈಲ್ ಮಾಡಿ" ಅಂತ ಬಂದರೆ ಕ್ರಿಯೇಟ್ ಒತ್ತಬೇಡಿ, ಕ್ವಿಟ್ ಮಾಡಿ ಥಂಡರ್‌ಬರ್ಡಿನ ಸೈಟಿನಿಂದಲೇ ಈಗಿನ ವರ್ಷನ್ ಇಳಿಸಿ ಹಾಕಿ. ಅಂಗಡಿಯವರ ಪೆನ್‌ಡ್ರೈವಲ್ಲಿರೋ ಹಳೇ ಸೆಟಪ್ ಹಾಕಿದಾಗ ಬರೋ ತಕರಾರು ಇದು. ಎಲ್ಲ ಬಂದು ಇನ್‌ಬಾಕ್ಸ್ ಮಾತ್ರ ಖಾಲಿ ಕಂಡರೆ ಪ್ರೋಗ್ರಾಮ್ ಮುಚ್ಚಿ, "ಇನ್‌ಬಾಕ್ಸ್.ಎಂಎಸ್‌ಎಫ್" ಮಾತ್ರ ಅಳಿಸಿ, ಮತ್ತೆ ತೆರೀರಿ. ಇಂಡೆಕ್ಸ್ ಹೊಸದಾಗಿ ಕಟ್ಟಿಕೊಳ್ಳುತ್ತೆ, ದೊಡ್ಡ ಫೈಲಾದರೆ ಕೆಲ ನಿಮಿಷ ಹಿಡಿಯುತ್ತೆ, ಹ್ಯಾಂಗ್ ಆಯ್ತು ಅಂತ ಪವರ್ ಬಟನ್ ಅದುಮಬೇಡಿ.

ಆಗಲೂ ಖಾಲಿನಾ? ಹಾಗಾದರೆ ಆಂಟಿವೈರಸ್ ಮೇಲೆ ಅನುಮಾನ ಪಡಿ. ಇನ್‌ಬಾಕ್ಸ್ ಪೂರ್ತಿ ಒಂದೇ ಫೈಲ್ ಅಂದೆನಲ್ಲ, ಅದರೊಳಗಿನ ಒಂದು ಮೇಲ್‌ನ ಒಂದು ಅಟ್ಯಾಚ್‌ಮೆಂಟಲ್ಲಿ ವೈರಸ್ ಸಿಕ್ಕಿದರೆ ಕೆಲವು ಆಂಟಿವೈರಸ್‌ಗಳು ಪೂರ್ತಿ ಇನ್‌ಬಾಕ್ಸನ್ನೇ ಎತ್ತಿ ಕ್ವಾರಂಟೀನ್‌ಗೆ ಹಾಕ್ತವೆ. ಒಂದು ಕಾಳಿಗೆ ಕೊರಕ ಬಿತ್ತು ಅಂತ ಮೂಟೆಯನ್ನೇ ಹೊಳೆಗೆ ಎಸೆದ ಹಾಗೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ನೋಡಿ, ಅಲ್ಲಿದ್ದರೆ ರಿಸ್ಟೋರ್ ಕೊಡಿ, ಪ್ರೊಫೈಲ್ ಫೋಲ್ಡರನ್ನ ಎಕ್ಸ್‌ಕ್ಲೂಷನ್‌ಗೆ ಸೇರಿಸಿ, ಆಮೇಲೆ ಥಂಡರ್‌ಬರ್ಡ್ ಒಳಗಿಂದಲೇ ಆ ಕೆಟ್ಟ ಮೇಲ್ ಹುಡುಕಿ ಡಿಲೀಟ್ ಮಾಡಿ, ಟ್ರಾಶ್ ಖಾಲಿ ಮಾಡಿ, ಫೋಲ್ಡರ್ ಕಾಂಪ್ಯಾಕ್ಟ್ ಮಾಡಿ. ಕಾಂಪ್ಯಾಕ್ಟ್ ಮಾಡದಿದ್ದರೆ ಡಿಲೀಟ್ ಮಾಡಿದ ಮೇಲ್ ಫೈಲಿನೊಳಗೆ ಹಾಗೇ ಇರುತ್ತೆ, ಆಂಟಿವೈರಸ್ ನಾಳೆ ಮತ್ತೆ ಕಚ್ಚುತ್ತೆ. ಅಂಗಡಿಯವರು ಪುಕ್ಕಟೆ ಅಂತ ತುಂಬಿಸೋ ಎರಡನೇ ಆಂಟಿವೈರಸ್, "ಪಿಸಿ ಬೂಸ್ಟರ್" ಎರಡನ್ನೂ ಇವತ್ತೇ ತೆಗೀರಿ. ಮನೆ ಕಂಪ್ಯೂಟರಿಗೆ ವಿಂಡೋಸ್ ಜೊತೆ ಬರೋ ಡಿಫೆಂಡರ್ ಸಾಕು.

ವಿಂಡೋಸ್.ಓಲ್ಡ್ ಆಗಲೇ ಹೋಗಿದ್ದರೆ ದಾರಿ ಕಿರಿದು. ಹಾರ್ಡ್ ಡಿಸ್ಕ್ ಆದರೆ ಈಗಲೇ ಆಫ್ ಮಾಡಿ, ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ರಿಕವರಿ ಓಡಿಸಿ. ಅದೇ ಡಿಸ್ಕಿಗೆ ರಿಕವರಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದರೆ ಅದು ಕೂರೋದು ನಿಮ್ಮ ಮೇಲ್ ಇದ್ದ ಜಾಗದಲ್ಲೇ ಆಗಬಹುದು. ಎಸ್‌ಎಸ್‌ಡಿ ಆದರೆ ಟ್ರಿಮ್ ಅನ್ನೋದು ಅಳಿಸಿದ್ದನ್ನ ನಿಜವಾಗಿ ಒರೆಸಿಬಿಡುತ್ತೆ, ಕಾಸು ಕೊಟ್ಟು ರಿಕವರಿ ಕೊಳ್ಳಬೇಡಿ.

ಐಮ್ಯಾಪ್‌ನವರಿಗೆ (ಮೇಲ್ ಸರ್ವರಲ್ಲೇ ಇರೋ ಅಕೌಂಟ್) ಇಷ್ಟು ತಲೆನೋವಿಲ್ಲ. ಬ್ರೌಸರಲ್ಲಿ ಜಿಮೇಲ್ ತೆರೆದಾಗ ಹಳೇ ಮೇಲ್ ಕಂಡರೆ ಎಲ್ಲ ಸರ್ವರಲ್ಲೇ ಇದೆ, ಅಕೌಂಟ್ ಸೇರಿಸಿ ಬಿಡಿ, ಇಳಿಯುತ್ತೆ. "ಲೋಕಲ್ ಫೋಲ್ಡರ್ಸ್"ಗೆ ಎಳೆದು ಹಾಕಿದ್ದು ಮಾತ್ರ ಬರಲ್ಲ, ಅದಕ್ಕೆ ಮೇಲಿನ ದಾರಿಯೇ.

ಚಿಕ್ಕಮಗಳೂರಿನ ಅಕ್ಕ ಕೇಳಿದ್ದು ಬೇರೆ ವಿಷಯ. ಅವರದು ವಿಂಡೋಸ್ ಜೊತೆ ಬಂದ "ಮೇಲ್" ಆಪ್, ಅದು ಕೆಲಸ ನಿಲ್ಲಿಸಿದೆ. ಅಕ್ಕಾ, ಅದು ನಿಮ್ಮ ತಪ್ಪಲ್ಲ. ಮೈಕ್ರೋಸಾಫ್ಟ್ ಅದನ್ನ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿ ಎಲ್ಲರನ್ನೂ ಹೊಸ ಔಟ್‌ಲುಕ್‌ಗೆ ತಳ್ಳಿತು. ಸ್ಟೋರಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೊಸ ಔಟ್‌ಲುಕ್ ನನಗೆ ಹಿಡಿಸಲ್ಲ. ಜಿಮೇಲ್ ಸೇರಿಸಿದರೂ ಮೇಲ್ ಮೈಕ್ರೋಸಾಫ್ಟ್ ಕ್ಲೌಡಿಗೆ ಹೋಗಿ ಬರುತ್ತೆ. ಥಂಡರ್‌ಬರ್ಡ್ ಹಾಕಿಕೊಳ್ಳಿ. ಇನ್ನೂ ವಿಂಡೋಸ್ ಲೈವ್ ಮೇಲ್ ಇಟ್ಟುಕೊಂಡವರು ಇದ್ದೀರಿ ಅಂತ ಗೊತ್ತು. ಅದರ ಬೆಂಬಲ ನಿಂತಿದ್ದು 2017ರ ಜನವರಿ 10ಕ್ಕೆ. ಅದರ ಮೇಲ್‌ಗಳು ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್ ಲೈವ್ ಮೇಲ್ ಒಳಗೆ ಒಂದೊಂದೂ ಬಿಡಿ ".ಇಎಂಎಲ್" ಫೈಲಾಗಿ ಇರುತ್ತೆ. ಥಂಡರ್‌ಬರ್ಡಿಗೆ "ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ" ಆಡ್-ಆನ್ ಹಾಕಿ ಫೋಲ್ಡರ್ ಸಮೇತ ಎಳೆದುಕೊಳ್ಳಿ.

ಗೌಡ್ರೇ, ಎಲ್ಲ ಸರಿಹೋದ ಮೇಲೆ ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್‌ನಲ್ಲಿ "ಲೀವ್ ಮೆಸೇಜಸ್ ಆನ್ ಸರ್ವರ್" ಟಿಕ್ ಇರಲಿ, ಅದರ ಕೆಳಗೆ ದಿನದ ಲೆಕ್ಕದಲ್ಲಿ ಅಳಿಸೋ ಟಿಕ್ ತೆಗೀರಿ.

ಸದ್ಯಕ್ಕೆ ವಿಂಡೋಸ್.ಓಲ್ಡ್ ಇದೆಯಾ, ಅದರೊಳಗಿನ ಇನ್‌ಬಾಕ್ಸ್ ಫೈಲ್ ಎಷ್ಟು ಸೈಜ್ ಅಂತ ನೋಡಿ ಇಲ್ಲೇ ಬರೀರಿ. ಸ್ಕ್ರೀನ್ ಫೋಟೋ ಹಾಕೋದಾದರೆ ಮಾನಿಟರ್ ಅಂಚಿಗೆ ಅಂಟಿಸಿರೋ ಪಾಸ್‌ವರ್ಡ್ ಚೀಟಿ ಕಿತ್ತು ತೆಗೀರಿ, ಹೋದ ಸಲದ ಫೋಟೋದಲ್ಲಿ ಅದು ಸ್ಪಷ್ಟವಾಗಿ ಕಾಣ್ತಿತ್ತು.