ಬ್ರಶ್ ಕಟರ್ ಕಾರ್ಬ್ಯುರೇಟರ್ ಗ್ಯಾಸ್ಕೆಟ್ ಎಲ್ಲೂ ಸಿಗುತ್ತಿಲ್ಲ. ರಟ್ಟು ಕತ್ತರಿಸಿ ಸಿಲಿಕಾನ್ ಹಚ್ಚಿ ಕೂರಿಸಿದರೆ ನಡೆಯುತ್ತದೆಯೇ?
ರಟ್ಟಿನ ಮಾತು ಆಮೇಲೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎಂಜಿನ್‌ಗೆ ಕೂರುವ ಕಡೆ ಸೋರದಂತೆ ನಡುವೆ ಇಡುವ ತೆಳು ಹಾಳೆಯೇ ಗ್ಯಾಸ್ಕೆಟ್. ಇದೇ ಪ್ರಶ್ನೆ ನನಗೂ ಬಂದಿತ್ತು. ಒಳ್ಳೆಯ ಗ್ಯಾಸ್ಕೆಟ್ ಪೇಪರನ್ನೇ ತಂದು ನೀಟಾಗಿ ಕತ್ತರಿಸಿ ಹಾಕಿದೆ. ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಕೆಲವೇ ಸೆಕೆಂಡಿಗೆ ನಿಲ್ಲುತ್ತಿತ್ತು. ಕಾರ್ಬ್ಯುರೇಟರ್ ಹೋಗಿದೆ ಅಂತ ಹೊಸದನ್ನು ಹಾಕಿದರೂ ಅದೇ ಕಥೆ, ದುಡ್ಡು ದಂಡ. ಗ್ಯಾಸ್ಕೆಟ್‌ನಲ್ಲಿ ಒಂದು ಸಣ್ಣ ತೂತು ಹಾಕದೆ ಬಿಟ್ಟಿದ್ದೆ, ಅಷ್ಟೇ.

ಆ ತೂತಿನ ಕೆಲಸ ಏನು ಅನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ. ಬ್ರಶ್ ಕಟರ್, ಚೈನ್ ಸಾ ಥರದ ಟೂ ಸ್ಟ್ರೋಕ್ ಎಂಜಿನ್‌ಗಳ ಡಯಾಫ್ರಂ ಕಾರ್ಬ್ಯುರೇಟರ್‌ಗೆ ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲು ಬುಂಡೆ) ಇರುವುದಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದು ಒಳಗಿನ ತೆಳ್ಳನೆಯ ಪೊರೆ, ಅಂದರೆ ಪಂಪ್ ಡಯಾಫ್ರಂ. ಪಿಸ್ಟನ್ ಆಡಿದಂತೆಲ್ಲ ಅದರ ಕೆಳಗಿನ ಕೋಣೆಯಾದ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಏರಿ ಇಳಿಯುತ್ತದಲ್ಲ, ಡಯಾಫ್ರಂ ಮಿಡಿಯುವುದು ಅದರಿಂದಲೇ. ಆ ಮಿಡಿತ ಹಾದು ಬರುವ ದಾರಿಯೇ ಇಂಪಲ್ಸ್ ಹೋಲ್, ಸುಮಾರು 2ರಿಂದ 3 ಮಿಲಿಮೀಟರ್. ಪೇಪರ್ ಅದನ್ನು ಮುಚ್ಚಿದರೆ ಪಂಪ್ ಸತ್ತ ಹಾಗೆ. ಪ್ರೈಮರ್ (ಕೈಯಿಂದ ಪೆಟ್ರೋಲ್ ತುಂಬಿಸುವ ರಬ್ಬರ್ ಗುಂಡಿ) ಒತ್ತಿ ತುಂಬಿಸಿದಷ್ಟು ಪೆಟ್ರೋಲ್ ಸುಡುತ್ತದೆ, ಎಂಜಿನ್ ನಿಲ್ಲುತ್ತದೆ. ಕಾರ್ಬ್ಯುರೇಟರ್ ಕೆಟ್ಟರೂ ಇದೇ ಲಕ್ಷಣವಾದ್ದರಿಂದ ಮೋಸ ಹೋಗುವುದು ಸುಲಭ. ಕಾರ್ಬ್ಯುರೇಟರ್‌ಗೂ ಸಿಲಿಂಡರ್‌ಗೂ ನಡುವೆ ಪ್ಲಾಸ್ಟಿಕ್ ಇನ್ಸುಲೇಟರ್ ಇದ್ದರೆ ಅದರ ಎರಡೂ ಬದಿಗೆ ಗ್ಯಾಸ್ಕೆಟ್, ಎರಡರಲ್ಲೂ ತೂತು ಬೇಕು. ಸ್ಟಡ್ (ಕಾರ್ಬ್ಯುರೇಟರ್ ಹಿಡಿದಿಡುವ ಮರೆಯ ಕಡ್ಡಿ) ತೂತುಗಳು ಎರಡೂ ಬದಿ ಒಂದೇ ಥರ ಇದ್ದರೆ ಗ್ಯಾಸ್ಕೆಟ್ ತಿರುವಿ ಕೂರಿಸಿಬಿಡಬಹುದು, ಆಗಲೂ ಇಂಪಲ್ಸ್ ಹೋಲ್ ಮುಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ಮಾತ್ರ ಮಿಡಿತಕ್ಕೆ ಬೇರೆ ರಬ್ಬರ್ ಪೈಪ್ ಇರುತ್ತದೆ.

ಹಾಗಾಗಿ ಹರಿದ ಹಳೇ ಗ್ಯಾಸ್ಕೆಟ್ ನೋಡಿ ಕತ್ತರಿಸಬೇಡಿ, ಅದು ಕೂರುವ ಲೋಹದ ಮುಖ ನೋಡಿ ಕತ್ತರಿಸಿ. ಹಳೇ ಚೂರುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ, ಅಲ್ಯುಮಿನಿಯಂ ಮೇಲೆ ಬ್ಲೇಡ್ ಬೇಡ. ಇಂಟೇಕ್ ಪೋರ್ಟಿಗೆ (ಮಿಶ್ರಣ ಎಂಜಿನ್ ಒಳಗೆ ಹೋಗುವ ಬಾಯಿ) ಬಟ್ಟೆ ತುರುಕಿರಲಿ. ಇಂಪಲ್ಸ್ ಹೋಲಿಗೆ ತೆಳ್ಳನೆ ತಂತಿ ಹಾಕಿ ದಾರಿ ತೆರೆದಿದೆಯೇ ನೋಡಿ. ಮುಖಕ್ಕೆ ಗ್ರೀಸ್ ತೆಳುವಾಗಿ ಸವರಿ ಪೇಪರ್ ಒತ್ತಿದರೆ ಅಚ್ಚು ಬರುತ್ತದೆ. ಅಚ್ಚಿನ ಬದಿಯೇ ಆ ಮುಖದ ಕಡೆ ಕೂರಬೇಕು. ಸುತ್ತಿಗೆಯಿಂದ ಅಂಚಿಗೆ ಬಡಿದು ಕತ್ತರಿಸುವ ಹಳೇ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಮೆತ್ತಗಿನ ಅಲ್ಯುಮಿನಿಯಂ ಅಂಚು ಜಜ್ಜಿಹೋಗುತ್ತದೆ.

ಮೊದಲು ತೂತು, ಆಮೇಲೆ ಒಳಗಿನ ಪೋರ್ಟ್, ಕೊನೆಗೆ ಹೊರಗಿನ ಅಂಚು. ಹೊರಗಿಂದ ಶುರುಮಾಡಿದರೆ ತೂತು ಹೊಡೆಯುವಾಗ ಸಣ್ಣ ಅಂಚು ಹರಿಯುತ್ತದೆ. ಪಂಚ್ ಇಲ್ಲದಿದ್ದರೆ ಸಣ್ಣ ಪೈಪಿನ ತುದಿಯನ್ನು ಹರಿತ ಮಾಡಿ, ಮರದ ತುಂಡಿನ ಮೇಲಿಟ್ಟು ಒಂದೇ ಏಟು ಹಾಕಿ. ಡ್ರಿಲ್ ಹಾಕಿದರೆ ನಾರು ಎದ್ದು ಇಂಪಲ್ಸ್ ಹೋಲ್ ಅರ್ಧ ಮುಚ್ಚುತ್ತದೆ. ಸ್ಟಡ್ ತೂತು ಸ್ಟಡ್‌ಗಿಂತ ಅರ್ಧ ಮಿಲಿಮೀಟರ್ ದೊಡ್ಡದಿರಲಿ. ಪೋರ್ಟ್ ಒಳಗೆ ಪೇಪರ್ ಅಂಚು ಇಣುಕಬಾರದು.

ಇನ್ನು ರಟ್ಟು. ತುರ್ತಿಗೆ ನಡೆಯುತ್ತದೆ, ಆದರೆ ಪೆಟ್ರೋಲ್ ಹೀರಿ ಮೆತ್ತಗಾಗಿ ಗಾಳಿ ಎಳೆಯಲು ಶುರುಮಾಡುತ್ತದೆ. ಟೂ ಸ್ಟ್ರೋಕ್‌ನಲ್ಲಿ ಹೀಗೆ ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ, ಪಿಸ್ಟನ್ ಹಿಡಿದುಕೊಳ್ಳಲೂಬಹುದು. ಅರ್ಧ ಮಿಲಿಮೀಟರ್ ಆಸುಪಾಸಿನ, ಪೆಟ್ರೋಲ್ ತಡೆಯುವ ಗ್ಯಾಸ್ಕೆಟ್ ಶೀಟ್ ತನ್ನಿ. ಸಿಲಿಕಾನ್ ಮಾತ್ರ ಖಂಡಿತ ಬೇಡ. ಮಾಮೂಲಿ ಸಿಲಿಕಾನ್ ಪೆಟ್ರೋಲಿಗೆ ಉಬ್ಬಿ ಕಿತ್ತುಬರುತ್ತದೆ, ಟೈಟ್ ಮಾಡುವಾಗ ಹಿಂಡಿ ಬಂದದ್ದು ಅದೇ ಇಂಪಲ್ಸ್ ಹೋಲಿಗೆ ತುಂಬಿಕೊಳ್ಳುತ್ತದೆ. ಮುಖ ಸಪಾಟಾಗಿದ್ದರೆ ಒಣ ಪೇಪರ್ ಸಾಕು. ಇಲ್ಲದಿದ್ದರೆ ಗಾಜಿನ ಮೇಲೆ 320 ನಂಬರ್ ಎಮರಿ ಪೇಪರ್ ಹರಡಿ ಇನ್ಸುಲೇಟರ್ ಮುಖವನ್ನು ಉಜ್ಜಿ, ಪುಡಿಯೆಲ್ಲ ತೊಳೆದು ಜೋಡಿಸಿ.

ಎರಡೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿ, ಹೊಸ ಪೇಪರ್ ಅಮುಕಿಕೊಂಡು ನಟ್ ಸಡಿಲವಾಗಿರುತ್ತದೆ.

ಸಿಲಿಂಡರ್ ಬುಡದ ಗ್ಯಾಸ್ಕೆಟ್ಟನ್ನೂ ಹೀಗೇ ಮಾಡಬಹುದು ಅಂದುಕೊಂಡಿದ್ದರೆ ಹಳೆಯದರ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಅಷ್ಟೇ ದಪ್ಪದ್ದು ಹಾಕಿ. ಅಲ್ಲಿ ದಪ್ಪ ಬದಲಾದರೆ ಕಂಪ್ರೆಶನ್ನೂ ಪೋರ್ಟ್ ತೆರೆಯುವ ಸಮಯವೂ ಬದಲಾಗುತ್ತವೆ. ಹೆಡ್ ಗ್ಯಾಸ್ಕೆಟ್ಟನ್ನಂತೂ ಪೇಪರ್‌ನಲ್ಲಿ ಮಾಡಲೇಬೇಡಿ, ಸುಟ್ಟುಹೋಗುತ್ತದೆ.