ಚ್ವಾನ್‌ಝೌ ಬೌದ್ಧ ವಿಹಾರದಲ್ಲಿ ಕೃಷ್ಣನ ಶಿಲ್ಪ
ಚೀನಾದ ಫುಜಿಯಾನ್ ಪ್ರಾಂತ್ಯದ ಚ್ವಾನ್‌ಝೌ ನಗರದ ಕೈಯುವಾನ್ ಬೌದ್ಧ ವಿಹಾರದ ಕಂಬಗಳಲ್ಲಿ ಕೃಷ್ಣನ ಉಬ್ಬುಶಿಲ್ಪ ಹೇಗೆ ಬಂತೆಂದು ತಾವು ಕೇಳಿದ್ದೀರಿ. ಅವು ಮೂಲತಃ ಆ ವಿಹಾರಕ್ಕೆಂದು ಕಡೆದ ಕಂಬಗಳಲ್ಲ. ಮಾರ್ಕೊ ಪೋಲೊ 'ಝೈತೂನ್' ಎಂದು ಕರೆದ ಈ ಬಂದರಿನಲ್ಲಿ ಸಾಂಗ್ ಅರಸರು 1087ರಲ್ಲಿ ಕಡಲ ವ್ಯಾಪಾರದ ಕಚೇರಿಯನ್ನು ತೆರೆದ ಮೇಲೆ ಅರಬರು, ಪಾರಸಿಕರು ಮತ್ತು ತಮಿಳು ವರ್ತಕರು ಹೆಚ್ಚಾಗಿ ನೆಲೆಸಿದರು. ಕುಬ್ಲಾಯ್ ಖಾನನ ಆಳ್ವಿಕೆಯಲ್ಲಿ, ಅಂದರೆ 1281ರಲ್ಲಿ, ಶಿವನನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಹೇಳುವ ತಮಿಳು ಶಾಸನವೇ ಅಲ್ಲಿ ದೊರೆತಿದೆ, ಅದರ ಕೊನೆಯಲ್ಲಿ ಚೀನೀ ಅಕ್ಷರಗಳೂ ಇವೆ. ಕುಬ್ಲಾಯ್‌ನ ವಂಶವಾದ ಯುವಾನ್ ಆಳ್ವಿಕೆಯ ಕೊನೆಯ ದಂಗೆಗಳಲ್ಲಿ ವಿದೇಶಿ ವರ್ತಕರ ನೆಲೆಯೇ ಕುಸಿದು, ಪಾಳುಬಿದ್ದ ದೇಗುಲಗಳ ಕಲ್ಲುಗಳು ಬೇರೆ ಕಟ್ಟಡಗಳಿಗೆ ಸಂದವು. ಮುಂದೆ ಬಂದ ಮಿಂಗ್ ಅರಸರ ಕಾಲದಲ್ಲಿ ನಡೆದ ವಿಹಾರದ ಜೀರ್ಣೋದ್ಧಾರದಲ್ಲಿ ಈ ಕಂಬಗಳೂ ಹಾಗೆಯೇ ಸೇರಿಕೊಂಡವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಯಮಳಾರ್ಜುನ ಮರಗಳ ನಡುವಿನ ಬಾಲಕೃಷ್ಣನನ್ನು ನಮ್ಮವರು ನೋಡಿದೊಡನೆ ಗುರುತಿಸಬಲ್ಲರು. ಅಲ್ಲಿಯೇ ಕಡೆದಿರುವ ನರಸಿಂಹನಂತೂ ಇನ್ನೂ ಸ್ಪಷ್ಟ.